ತಕಲಿಯಿಂದ ಮೇಷ್ಟ್ರ ಸಂಬಳ ಹುಟ್ಟುತ್ತಾ?

ಇವತ್ತು ಒಂದು ಟೈಮ್‌ಟೇಬಲ್‌ನಿಂದ ಶುರು ಮಾಡೋಣ. ಶಾಲೆ ದಿನಕ್ಕೆ ಐದೂವರೆ ಗಂಟೆ. ಅದರಲ್ಲಿ 3 ಗಂಟೆ 20 ನಿಮಿಷ ಕೈಕಸುಬು. ಮಾತೃಭಾಷೆಗೆ 40 ನಿಮಿಷ. ಸಮಾಜ, ವಿಜ್ಞಾನ ಎರಡಕ್ಕೂ ಸೇರಿ ಬರೀ 30 ನಿಮಿಷ! ಇದನ್ನು ರೂಪಿಸಿದ್ದು, ಮುಂದೆ ರಾಷ್ಟ್ರಪತಿಯಾದ ಡಾ. ಜಾಕಿರ್ ಹುಸೇನ್ ಅವರ ಸಮಿತಿ.

ಕತೆ ಶುರುವಾಗೋದು 1937ರಲ್ಲಿ. ಹಲವು ಪ್ರಾಂತ್ಯಗಳಲ್ಲಿ ಆಗಷ್ಟೇ ಕಾಂಗ್ರೆಸ್ ಸರ್ಕಾರ ಬಂದಿತ್ತು. ಪಾನನಿಷೇಧ ಮಾಡಬೇಕು, ಆದರೆ ಶಾಲೆಗಳಿಗೆ ಹಣ ಬರ್ತಿದ್ದಿದ್ದೇ ಹೆಂಡದ ತೆರಿಗೆಯಿಂದ. ಕಾಮರ್ಸ್ ಓದಿದ ನನಗೆ ಈ ಭಾಗ ತುಂಬಾ ಇಷ್ಟ, ಯಾಕಂದ್ರೆ ಗಾಂಧೀಜಿಯ ಶಿಕ್ಷಣ ಯೋಜನೆ ಒಂದು ಬಜೆಟ್ ಸಮಸ್ಯೆಗೂ ಉತ್ತರವಾಗಿತ್ತು. ಮಕ್ಕಳು ತಯಾರಿಸಿದ್ದನ್ನು ಸರ್ಕಾರ ಕೊಳ್ಳಲಿ, ಆ ದುಡ್ಡಲ್ಲಿ ಮೇಷ್ಟ್ರ ಸಂಬಳ ಹುಟ್ಟಲಿ ಅಂದ್ರು ಅವರು. ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಸಮ್ಮೇಳನ ನಡೆಯಿತು, ಸಮಿತಿ ಆಯಿತು. 7 ವರ್ಷ ಉಚಿತ, ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ. 1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ ಇದನ್ನು ಒಪ್ಪಿಕೊಂಡಿತು.

ಇದರ ಹೆಸರು ನಯೀ ತಾಲೀಮ್. ಕಸುಬು ಅಂದ್ರೆ ಬೇರೆ ಪೀರಿಯಡ್ ಅಲ್ಲ, ಅದರ ಮೂಲಕವೇ ಉಳಿದ ಪಾಠ. ಮಗು ತಕಲಿ ತಿರುಗಿಸಿ ನೂಲು ತೆಗೀತು ಅಂದುಕೊಳ್ಳಿ. ಎಷ್ಟು ಗಜ ಆಯ್ತು, ಎಷ್ಟು ಹತ್ತಿ ವೇಸ್ಟ್ ಆಯ್ತು? ಅದು ಗಣಿತ. ಈ ಹತ್ತಿ ಯಾವ ಮಣ್ಣಲ್ಲಿ ಬೆಳೆಯುತ್ತೆ? ಭೂಗೋಳ, ವಿಜ್ಞಾನ. ನಮ್ಮ ನೇಕಾರರ ಮಗ್ಗ ಯಾಕೆ ನಿಂತುಹೋಯ್ತು, ಮ್ಯಾಂಚೆಸ್ಟರ್ ಬಟ್ಟೆ ಇಲ್ಲಿಗೆ ಹೇಗೆ ಬಂತು? ಇತಿಹಾಸ. ಕೈಯಲ್ಲಿ ನೂಲು ಹಿಡಿದ ಹುಡುಗನಿಗೆ ಈಸ್ಟ್ ಇಂಡಿಯಾ ಕಂಪನಿ ಬರೀ ಪರೀಕ್ಷೆಯ ಪ್ರಶ್ನೆ ಆಗಿ ಉಳಿಯಲ್ಲ.

ಹಾಗಾದ್ರೆ ಯಾಕೆ ನಿಲ್ಲಲಿಲ್ಲ? ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದಿದ್ದರೆ ಜಗಳ ಮಾಡಿ. ಸಂಬಳದ ಲೆಕ್ಕ ಇದಕ್ಕೆ ಮುಳುವಾಯ್ತು. ಎಂಟು ವರ್ಷದ ಮಗು ಎಳೆಯೋ ನೂಲು ಅಂಕುಡೊಂಕು, ಮಾರ್ಕೆಟ್‌ನಲ್ಲಿ ಯಾರು ತಗೋತಾರೆ? ಚೆನ್ನಾಗಿ ಮಾಡಿಸಬೇಕು ಅಂದ್ರೆ ಶಾಲೆ ಕಾರ್ಖಾನೆ ಆಗಬೇಕು. ಈ ಆತಂಕ ಆಗಲೇ ಕೇಳಿಬಂದಿತ್ತು. ಇನ್ನೊಂದು ಕಡೆ ಜಾತಿ. ಕೈಕೆಲಸಕ್ಕೆ ಮರ್ಯಾದೆ ತರೋದು ಗಾಂಧೀಜಿ ಆಸೆ, ಸರಿ. ಆದರೆ ತಲೆಮಾರುಗಳಿಂದ ಮಗ್ಗದ ಗುಂಡಿಯಲ್ಲೇ ಕೂತ ಮನೆಯವರಿಗೆ ಬೇಕಾಗಿದ್ದು ಪುಸ್ತಕ. ಪೇಟೆಯ ಅನುಕೂಲಸ್ಥರ ಮಕ್ಕಳು ಇಂಗ್ಲಿಷ್ ಹೈಸ್ಕೂಲಿಗೇ ಹೋಗ್ತಾ ಇದ್ದಾಗ ತಮ್ಮ ಮಗ ಮಾತ್ರ ಯಾಕೆ ನೂಲಬೇಕು?

1939ರಲ್ಲಿ ಆ ಸರ್ಕಾರಗಳೇ ರಾಜೀನಾಮೆ ಕೊಟ್ಟವು. ಸ್ವಾತಂತ್ರ್ಯದ ನಂತರ ಮೂಲಶಿಕ್ಷಣ ಅಂತ ಬೋರ್ಡ್ ಉಳಿಯಿತು. 1964-66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಅಂದಿತು, ಆಮೇಲೆ ಅದು ಎಸ್‌ಯುಪಿಡಬ್ಲ್ಯು ಆಯ್ತು. ಈಗ 2020ರ ನೀತಿಯೂ ಪ್ರತಿ ವಿಷಯದಲ್ಲೂ ಅನುಭವದ ಕಲಿಕೆ ಅನ್ನುತ್ತೆ.

ನನ್ನ ಶಾಲೆಯಲ್ಲಿ ಎಸ್‌ಯುಪಿಡಬ್ಲ್ಯು ಪೀರಿಯಡ್ ಅಂದ್ರೆ ಪೋರ್ಷನ್ ಬಾಕಿ ಉಳಿಸಿಕೊಂಡ ಮ್ಯಾಥ್ಸ್ ಸರ್ ಬರ್ತಿದ್ರು. 3 ಗಂಟೆ 20 ನಿಮಿಷ ಇದ್ದಿದ್ದು ವಾರಕ್ಕೊಂದು ಪೀರಿಯಡ್ ಆಗಿ, ಅದೂ ಹೋಯ್ತು. ನಿಮ್ಮ ಶಾಲೆಯಲ್ಲಿ ಆ ಪೀರಿಯಡ್ ಯಾರ ಪಾಲಾಗ್ತಿತ್ತು? ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ.