ಕಾಟ್ಷ್‌ಬರ್ಗ್ ಏರಿನಲ್ಲಿ ಸೋತ ರೋಲ್ಸ್ ರಾಯ್ಸ್

ಲೋಡ್ ತುಂಬಿದ ಟ್ರ್ಯಾಕ್ಟರ್ ಏರು ಹತ್ತದಿದ್ದರೆ ಟ್ರೈಲರ್‌ನಲ್ಲಿ ಕೂತವರಿಗೆ ‘ಸ್ವಲ್ಪ ಇಳೀರಪ್ಪ’ ಅನ್ನುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. 1912ರಲ್ಲಿ ಆಸ್ಟ್ರಿಯಾದ ಒಂದು ಘಾಟಿಯಲ್ಲಿ ಇದೇ ಗತಿ ಬಂದದ್ದು ರೋಲ್ಸ್ ರಾಯ್ಸ್ ಕಾರಿಗೆ! ಜಗತ್ತಿನಲ್ಲೇ ಅತ್ಯುತ್ತಮ ಕಾರು ಎಂದು ಆಗ ಅದಕ್ಕೆ ಹೆಸರಿತ್ತು.

ಸಂದರ್ಭ, ‘ಆಲ್ಪೆನ್‌ಫಾರ್ಟ್’ ಎಂಬ ರ‍್ಯಾಲಿ. ಆಲ್ಪ್ಸ್ ಪರ್ವತಗಳ ನಡುವೆ ಹಲವು ದಿನ ಕಾರು ಓಡಿಸುವ ಈ ಸ್ಪರ್ಧೆ 1910ರಲ್ಲಿ ಶುರುವಾಯಿತು. ಯಾರು ಮೊದಲು ಮುಟ್ಟಿದರು ಎನ್ನುವುದಕ್ಕಿಂತ ಯಾವ ಕಾರು ಕೆಡದೆ ಬಂತು ಎನ್ನುವುದೇ ಇಲ್ಲಿ ಮುಖ್ಯವಾಗಿತ್ತು. ಕಾರು ದಾರಿಯಲ್ಲಿ ಕೈಕೊಟ್ಟರೆ ಅಂಕ ಕಡಿತ. ಆಗಿನ ರಸ್ತೆಗಳೋ, ಎತ್ತು-ಕುದುರೆ ಗಾಡಿಗಳಿಗಾಗಿ ಮಾಡಿದ ಮಣ್ಣು-ಕಲ್ಲಿನ ದಾರಿಗಳು. ಕಾರು ಕಂಪನಿಗಳಿಗೆ ಇದು ಊರೆಲ್ಲ ನೋಡುವ ಪರೀಕ್ಷೆ.

ಆ ವರ್ಷ ಇಂಗ್ಲೆಂಡಿನ ಜೇಮ್ಸ್ ರಾಡ್ಲಿ ತಮ್ಮ ಸ್ವಂತ ‘ಸಿಲ್ವರ್ ಗೋಸ್ಟ್’ ಕಾರು ತಂದಿದ್ದರು. ಕಾಟ್ಷ್‌ಬರ್ಗ್ ಘಾಟಿಯಲ್ಲಿ ಅದು ನಿಂತುಬಿಟ್ಟಿತು. ಒಳಗಿದ್ದ ಇಬ್ಬರು ಇಳಿದ ಮೇಲೆಯೇ ಮುಂದೆ ಹೋದದ್ದು.

ಕಾಟ್ಷ್‌ಬರ್ಗ್ ಎತ್ತರ 1,641 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ (1,930 ಮೀಟರ್) ಇದಕ್ಕಿಂತ ಎತ್ತರ. ತೊಂದರೆ ಎತ್ತರದ್ದಲ್ಲ, ಕಡಿದಾದ ಏರಿನದ್ದು: ಕೆಲವೆಡೆ ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು.

ಎಂಜಿನ್ ದೊಡ್ಡದೇ, ಆರು ಸಿಲಿಂಡರ್. ಕೊರತೆ ಇದ್ದದ್ದು ಗೇರ್‌ನಲ್ಲಿ. ಆಗಿನ ಸಿಲ್ವರ್ ಗೋಸ್ಟ್‌ಗೆ ಇದ್ದದ್ದು ಮೂರೇ ಗೇರ್. ಗೇರ್ ಸಣ್ಣದಾದಷ್ಟೂ ಎಂಜಿನ್ ಹೆಚ್ಚು ಸುತ್ತು ತಿರುಗಿ, ಚಕ್ರ ನಿಧಾನವಾಗಿ ಆದರೆ ಬಲವಾಗಿ ತಿರುಗುತ್ತದೆ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರನ್ನು ಲೋ ಗೇರಿಗೆ ಹಾಕುವುದು ಇದಕ್ಕೇ. ರಾಡ್ಲಿಯವರ ಕಾರಿನ ಮೊದಲ ಗೇರ್ ಆ ಏರಿಗೆ ಸಾಲುವಷ್ಟು ಸಣ್ಣದಿರಲಿಲ್ಲ.

ಸೋಲನ್ನು ಕಂಪನಿ ಮುಚ್ಚಿಡಲಿಲ್ಲ, ಕಾರನ್ನೇ ತಿದ್ದಿತು. ಎಂಜಿನ್ ಶಕ್ತಿ ಹೆಚ್ಚಿಸಿ, ನಾಲ್ಕು ಗೇರ್ ಕೊಟ್ಟು, 1913ರಲ್ಲಿ ಮೂರು ಕಾರುಗಳನ್ನು ಕಳಿಸಿತು. ರಾಡ್ಲಿಯವರೂ ಬಂದರು. ವಿಯೆನ್ನಾದಿಂದ ಹೊರಟು 2,600 ಕಿ.ಮೀ.ಗೂ ಹೆಚ್ಚಿನ ದಾರಿ. ಹಿಂದಿನ ವರ್ಷ ನಿಂತಿದ್ದ ಏರನ್ನು ಈ ಕಾರುಗಳು ಸಲೀಸಾಗಿ ಹತ್ತಿದವು. ಹಲವು ಬಹುಮಾನಗಳೂ ಬಂದವು.

ಆದರೆ 1912ರಿಂದ 1914ರವರೆಗೆ ಸತತ ಮೂರು ಸಲ ತಂಡ ಪ್ರಶಸ್ತಿ ಗೆದ್ದದ್ದು ಜರ್ಮನಿಯ ಹೊಸ ಕಂಪನಿ ಆಡಿ. ಅದನ್ನು ಕಟ್ಟಿದ ಆಗಸ್ಟ್ ಹಾರ್ಶ್ 1911ರಲ್ಲಿ ತಾವೇ ಸ್ಟಿಯರಿಂಗ್ ಹಿಡಿದು ಒಂದೂ ಅಂಕ ಕಳೆದುಕೊಳ್ಳದೆ ಮುಗಿಸಿದ್ದರು. ಗೆದ್ದ ಕಾರಿಗೆ ‘ಆಲ್ಪ್ಸ್ ವಿಜಯಿ’ ಎಂಬ ಹೆಸರೇ ಬಿತ್ತು.

1914ರ ಜೂನ್ ತಿಂಗಳ ರ‍್ಯಾಲಿ ಮುಗಿದ ಕೆಲವೇ ದಿನಗಳಲ್ಲಿ, ಜೂನ್ 28ರಂದು, ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಹಿಂದೆಯೇ ಮೊದಲ ಮಹಾಯುದ್ಧ. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಆಲ್ಪ್ಸ್‌ನ ಡೊಲೊಮೈಟ್ ಬೆಟ್ಟಗಳೇ ರಣರಂಗವಾದವು. ಘಾಟಿಯಲ್ಲಿ ಗಟ್ಟಿಯಾದ ಸಿಲ್ವರ್ ಗೋಸ್ಟ್‌ನ ಚಾಸಿ ಮೇಲೆ ಬ್ರಿಟಿಷರು ಉಕ್ಕಿನ ಕವಚ ಹೊದಿಸಿ ಮೆಷಿನ್ ಗನ್ ಕೂರಿಸಿದರು.

ಈಗ ಕಾಟ್ಷ್‌ಬರ್ಗ್ ಕೆಳಗೆ ಹೆದ್ದಾರಿಯ ಸುರಂಗವಿದೆ. ಲಾರಿಗಳಿಗೆ ಏರಿನ ಚಿಂತೆಯಿಲ್ಲ. ಆದರೂ 2013ರಲ್ಲಿ, ಆ ಗೆಲುವಿಗೆ ನೂರು ವರ್ಷ ತುಂಬಿದಾಗ, ಹಳೆಯ ಸಿಲ್ವರ್ ಗೋಸ್ಟ್‌ಗಳು ಸಾಲಾಗಿ ಆಲ್ಪ್ಸ್‌ಗೆ ಮರಳಿದವು. ರಾಡ್ಲಿಯವರ 1913ರ ಕಾರೂ ಅವುಗಳಲ್ಲಿತ್ತು.