ಬಾನ್ ಝಾವೋ

ಬಾನ್ ಝಾವೋ (ಸು. ಕ್ರಿ.ಶ. 45–ಸು. 116): ಚೀನದ ಉತ್ತರಕಾಲೀನ ಹಾನ್ ರಾಜವಂಶದ ಆಳಿಕೆಯಲ್ಲಿ ಬಾಳಿದ ವಿದುಷಿ, ಆ ದೇಶದ ಇತಿಹಾಸಕರ್ತ್ರಿಯರಲ್ಲಿ ಹೆಸರು ತಿಳಿದುಬಂದಿರುವ ಮೊದಲಿಗಳು. ತಂದೆ ಬಾನ್ ಬಿಯಾವೋ ಪೂರ್ವಕಾಲೀನ ಹಾನ್ ಅರಸರ ಚರಿತ್ರೆಗೆ ಸಾಮಗ್ರಿಯನ್ನು ಕೂಡಿಸುತ್ತಿದ್ದು 54ರಲ್ಲಿ ಕಾಲವಾದನು. ಅಣ್ಣ ಬಾನ್ ಗೂ ಅದನ್ನು ಕೈಗೆತ್ತಿಕೊಂಡು 'ಹಾನ್ ಷೂ' ಎಂಬ ಬೃಹದ್ಗ್ರಂಥವಾಗಿ ಬೆಳೆಸಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ತ್ಸಾವೋ ಮನೆತನಕ್ಕೆ ಸೊಸೆಯಾಗಿ ಹೋದ ಝಾವೋ, ಪತಿಯನ್ನು ಬೇಗನೆ ಕಳೆದುಕೊಂಡ ಮೇಲೆ ಪುನರ್ವಿವಾಹವನ್ನು ಬಯಸದೆ ವಿದ್ಯಾವ್ಯಾಸಂಗದಲ್ಲಿಯೇ ನೆಲೆನಿಂತಳು.

ಆಸ್ಥಾನದ ಕಲಹದಲ್ಲಿ ಸಿಲುಕಿದ ಬಾನ್ ಗೂ 92ರಲ್ಲಿ ಸೆರೆಮನೆಯಲ್ಲಿ ಅಸುನೀಗಿದಾಗ, ಗ್ರಂಥದ ಎಂಟು ಕೋಷ್ಟಕಗಳೂ ಖಗೋಳವನ್ನು ಕುರಿತ ಪ್ರಕರಣವೂ ಅಪೂರ್ಣವಾಗಿ ಉಳಿದಿದ್ದುವು. ಹೇ ಚಕ್ರವರ್ತಿಯ ಆಜ್ಞೆಯಂತೆ ಅರಮನೆಯ ಗ್ರಂಥಭಂಡಾರದಲ್ಲಿ ಕುಳಿತು ಈ ಶೇಷಭಾಗವನ್ನು ಪೂರೈಸುವ ಭಾರವನ್ನು ಝಾವೋ ಹೊತ್ತಳು. ಆಮೇಲೆ ಮಾ ಷೂ ಎಂಬ ವಿದ್ವಾಂಸನೂ ಅದರಲ್ಲಿ ಪಾಲ್ಗೊಂಡನು. ಕೋಷ್ಟಕವೆಂದೊಡನೆ ಅದು ಲಿಪಿಕಾರನ ಕೆಲಸವೆಂದು ಬಗೆಯಲಾಗದು: ಕ್ರಿ.ಪೂ. 206ರಿಂದ ಕ್ರಿ.ಶ. 23ರವರೆಗಿನ ದೀರ್ಘಾವಧಿಯ ಅರಸುಮಕ್ಕಳ, ಸಾಮಂತರ, ಪದಾಧಿಕಾರಿಗಳ ಅನುಕ್ರಮವನ್ನು ದಾಖಲೆಗಳಿಂದ ಹೆಕ್ಕಿ, ಒಂದರೊಡನೊಂದನ್ನು ತಾಳೆನೋಡಿ, ಕಾಲಕ್ರಮದಲ್ಲಿ ನಿಲ್ಲಿಸಲು ಬೇಕಾಗುವ ವಿವೇಚನೆ ಚರಿತ್ರೆಯ ಕಥನಕ್ಕೆ ಬೇಕಾದುದಕ್ಕಿಂತ ಕಡಮೆಯದಲ್ಲ. ಗ್ರಂಥವು ಹೊರಬಂದಾಗ ಅನೇಕರಿಗೆ ಅದರ ಅರ್ಥ ಎಟುಕಲಿಲ್ಲ. ಮುಂದೆ ಶ್ರೇಷ್ಠ ಭಾಷ್ಯಕಾರನೆನಿಸಿದ ಮಾ ರೋಂಗ್ ಈಕೆಯ ಶಿಷ್ಯನಾಗಿ ಅದರ ಪಾಠವನ್ನು ಹೇಳಿಸಿಕೊಂಡನು.

ಡೆಂಗ್ ಮಹಾರಾಣಿಗೆ ಗುರುವಾಗಿದ್ದ ಝಾವೋಳ ಸಲಹೆಗೆ, ಆ ಮಹಾರಾಣಿ ಎಳೆಯ ಚಕ್ರವರ್ತಿಯ ಪರವಾಗಿ ರಾಜ್ಯವನ್ನು ನಡೆಸತೊಡಗಿದ ಮೇಲೆ, ರಾಜಕಾರ್ಯಗಳಲ್ಲಿಯೂ ಮನ್ನಣೆಯಿತ್ತು. ಪಶ್ಚಿಮದ ಗಡಿನಾಡುಗಳಲ್ಲಿ ದಂಡನಾಯಕನಾಗಿದ್ದು ಮುಪ್ಪಿನಿಂದ ಕುಗ್ಗಿದ ಇನ್ನೊಬ್ಬ ಅಣ್ಣ ಬಾನ್ ಚಾವೋ 102ರಲ್ಲಿ ರಾಜಧಾನಿಗೆ ಮರಳಲು ಸಾಧ್ಯವಾದುದು ಈಕೆ ಹೇ ಚಕ್ರವರ್ತಿಗೆ ಬರೆದ ವಿಜ್ಞಾಪನೆಯಿಂದ.

ಏಳು ಅಧ್ಯಾಯಗಳ 'ನ್ಯೂ ಜಿಯೇ' (ಸ್ತ್ರೀಯರಿಗೆ ಉಪದೇಶ) ವಿನಯವನ್ನೂ ಪತಿಯ ಅಧೀನತೆಯನ್ನೂ ಬೋಧಿಸುವುದರಿಂದ ಆಧುನಿಕರ ಆಕ್ಷೇಪಕ್ಕೆ ಗುರಿಯಾಗಿದೆ. ಆ ಆಕ್ಷೇಪ ನಿರಾಧಾರವೂ ಅಲ್ಲ. ಆದರೆ ಎಂಟನೆಯ ವಯಸ್ಸಿಗೆ ಗಂಡುಮಕ್ಕಳಿಗೆ ವಿಹಿತವಾದ ಅಕ್ಷರಾಭ್ಯಾಸ ಹೆಣ್ಣುಮಕ್ಕಳಿಗೆ ಏಕೆ ಸಲ್ಲದೆಂದು ಕೇಳಿರುವುದೂ ಇದೇ ಗ್ರಂಥದಲ್ಲಿ. ಈ ಕಿರುಹೊತ್ತಗೆಯ ಖ್ಯಾತಿಯೇ ಆಕೆಯ ಇತಿಹಾಸಕಾರ್ಯವನ್ನು ಬಹುಕಾಲ ಮರೆಮಾಡಿದುದು ದೊಡ್ಡ ಅನ್ಯಾಯ.

ಝಾವೋ ಎಪ್ಪತ್ತು ದಾಟಿ ತೀರಿಕೊಂಡಾಗ ಮಹಾರಾಣಿ ತಾನೇ ಶೋಕವಸ್ತ್ರವನ್ನು ಧರಿಸಿದಳು. ಝಾವೋಳ ಬರೆಹಗಳನ್ನು ಸಂಕಲಿಸಿಟ್ಟವಳು ಸೊಸೆ. ಅವುಗಳಲ್ಲಿ ಹೆಚ್ಚಿನವು ಇಂದು ನಷ್ಟವಾಗಿವೆ.