ಸುರಹೊನ್ನೆಯನ್ನು ಗುರುತಿಸುವ ಬಗೆ

ಹೆಸರೊಂದನ್ನೇ ನಂಬಿ ಮರವನ್ನು ಗುರುತಿಸಹೊರಟರೆ, ಕೇರಳದಲ್ಲಿ ನೆಲೆಸಿರುವ ಕನ್ನಡಿಗರು ತಪ್ಪುವುದುಂಟು. ಇಲ್ಲಿಯವರು ‘ಪುನ್ನ’ ಎನ್ನುವ ಮರವೇ ನಮ್ಮ ಸುರಹೊನ್ನೆ. ನಮ್ಮ ಕರಾವಳಿಯ ಹಿರಿಯರು ಇದನ್ನು ಬರಿದೇ ‘ಹೊನ್ನೆ’ ಎಂದು ಕರೆದು, ಸೀಮೆಎಣ್ಣೆ ಬರುವ ಮೊದಲು ಇದರ ಬೀಜದ ಎಣ್ಣೆಯಿಂದಲೇ ದೀಪ ಹಚ್ಚುತ್ತಿದ್ದರು. ಆದರೆ ಕಾಡಿನ ಹೊನ್ನೆ ಬೇರೆಯೇ ಮರ. ಮಲಯಾಳದಲ್ಲಿ ಅದು ‘ವೇಂಗ’. ಆದಕಾರಣ ಹೆಸರನ್ನು ಬದಿಗಿಟ್ಟು ಲಕ್ಷಣಗಳನ್ನು ನೋಡುವುದು ಲೇಸು.

ಎಲೆ: ದಪ್ಪ, ಹೊಳಪು, ಕಡು ಹಸಿರು, ಎದುರುಬದುರಾಗಿ ಜೋಡಿಯಾಗಿರುತ್ತವೆ. ನಡುನರದಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆಗಳು ಒತ್ತೊತ್ತಾಗಿ, ಸಮಾನಾಂತರವಾಗಿ ಸಾಗುತ್ತವೆ. ಇದೇ ಮುಖ್ಯ ಗುರುತು. ಇದರ ಸಸ್ಯಶಾಸ್ತ್ರೀಯ ಹೆಸರಾದ ‘ಕ್ಯಾಲೊಫಿಲಮ್’ ಎಂಬ ಗ್ರೀಕ್ ಮೂಲದ ಪದಕ್ಕೆ ‘ಚೆಲುವಾದ ಎಲೆ’ ಎಂದೇ ಅರ್ಥ.

ಹೂವು: ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಗುಚ್ಛ, ಮಧುರ ಪರಿಮಳ.

ಕಾಯಿ: ಸುಮಾರು 2.5ರಿಂದ 4 ಸೆಂ.ಮೀ. ಅಗಲದ ಹಸಿರು ಗುಂಡು. ಒಳಗೆ ಗಟ್ಟಿ ಚಿಪ್ಪು, ಅದರೊಳಗೆ ಎಣ್ಣೆಯುಳ್ಳ ತಿರುಳು. ಕಾಯಿ ನೀರಿನಲ್ಲಿ ತೇಲುವುದರಿಂದಲೇ ಈ ಮರ ಕಡಲಂಚಿನುದ್ದಕ್ಕೂ ಹರಡಿದೆ.

ಕಾಂಡ: ಸೀಳುಬಿಟ್ಟ ತೊಗಟೆ, ಕೆಂಗಂದು ಬಣ್ಣದ ಗಟ್ಟಿ ಮರ. ದೋಣಿ ಕಟ್ಟುವವರಿಗೆ ಬಹಳ ಬೇಕಾದದ್ದು.

ವೇಂಗದ ಒಂದು ತೊಟ್ಟಿನಲ್ಲಿ ಹಲವು ಕಿರುಎಲೆಗಳಿರುತ್ತವೆ. ಕಾಯಿ ಚಪ್ಪಟೆಯಾಗಿ, ಸುತ್ತಲೂ ರೆಕ್ಕೆಯುಳ್ಳದ್ದು. ತೊಗಟೆ ಕೆತ್ತಿದರೆ ಕೆಂಪು ಅಂಟು ಒಸರುತ್ತದೆ.

ಮಕ್ಕಳಿರುವ ಮನೆಯವರು ಗಮನಿಸಬೇಕಾದ ಮಾತೊಂದಿದೆ. ಕೊಚ್ಚಿ, ತಿರುವನಂತಪುರಗಳಲ್ಲಿ ಕಾಡುಬಾದಾಮಿಯ ಮರಗಳೂ ಸಾಕಷ್ಟಿವೆ. ಅದರ ಬೀಜವನ್ನು ಮಕ್ಕಳು ಜಜ್ಜಿ ತಿನ್ನುತ್ತಾರೆ. ಸುರಹೊನ್ನೆಯ ತಿರುಳು ವಿಷಕರ, ತಿನ್ನಲಾಗದು. ಇದರ ಹಾಲು ಕಣ್ಣಿಗೆ ತಾಗಬಾರದು. ಬಾದಾಮಿಯ ಕೊಂಬೆಗಳು ಅಂತಸ್ತು ಅಂತಸ್ತಾಗಿ ಚಾಚಿರುತ್ತವೆ, ಎಲೆಗಳು ಉದುರುವ ಮುನ್ನ ಕೆಂಪಾಗುತ್ತವೆ, ಕಾಯಿ ತುಸು ಚಪ್ಪಟೆ.

ಕೊಚ್ಚಿಯ ಡಚ್ ಅಧಿಪತಿ ವಾನ್ ರೀಡ್, ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ವೈದ್ಯರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ (1678–1693) ಗ್ರಂಥದಲ್ಲಿ ಈ ಮರ ಚಿತ್ರಸಹಿತವಾಗಿ ದಾಖಲಾಗಿದೆ. ಕೆ.ಎಸ್. ಮಣಿಲಾಲ್ ಅವರ ಇಂಗ್ಲಿಷ್ ಅನುವಾದವನ್ನು ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಪ್ರಕಟಿಸಿತು. ಗ್ರಂಥ ಕೈಗೆ ಸಿಗದಿದ್ದರೂ ಚಿಂತೆಯಿಲ್ಲ. ಎಲೆಯೊಂದನ್ನು ಬೆಳಕಿಗೆ ಹಿಡಿದು ಮಕ್ಕಳಿಗೆ ಆ ಗೆರೆಗಳನ್ನು ತೋರಿಸಿದರೆ ಸಾಕು, ಮರದ ಗುರುತು ಮರೆಯದು.